ಗಾನವೃಂದದ ಕರೆಂಟು ಮತ್ತು ಮೂರನೆಯ ಪಿನ್ನು



ಹಬ್ಬ ಹತ್ತಿರ ಬಂದಾಗಲೆಲ್ಲ ನಾವು ಇಲ್ಲಿ ಹಾಡಿನ ಬಗ್ಗೆ, ರಾಗದ ಬಗ್ಗೆ, ಅಭ್ಯಾಸಕ್ಕೆ ತಡವಾಗಿ ಬರುವವರ ಬಗ್ಗೆ ಬರೆಯುತ್ತೇವೆ. ಈ ಸಲ ಕರೆಂಟಿನ ಬಗ್ಗೆ ಬರೆಯೋಣ ಅನ್ನಿಸಿತು. ಬಲಿಪೂಜೆಯ ನಡುವೆ ಕೀಬೋರ್ಡ್ ನಿಂತುಹೋದರೆ ಗಾನವೃಂದದಲ್ಲಿ ಮೊದಲು ಕೇಳುವ ಮಾತು ಒಂದೇ: "ಕೀಬೋರ್ಡ್ ಹೋಯ್ತು." ಮರುದಿನ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಕೊಯಮತ್ತೂರಿಗೆ ರಿಪೇರಿಗೆ ಒಯ್ಯುವ ಮಾತು ಏಳುತ್ತದೆ. ನಾವು ಕಂಡ ಹಾಗೆ, ಹೆಚ್ಚಿನ ಸಲ ಕೀಬೋರ್ಡ್‌ಗೆ ಏನೂ ಆಗಿರುವುದಿಲ್ಲ. ಅದಕ್ಕೆ ಬರಬೇಕಾದ ಕರೆಂಟು ದಾರಿಯಲ್ಲಿ ಎಲ್ಲೋ ಸೊರಗಿರುತ್ತದೆ.

ಗೋಡೆಯ ಸಾಕೆಟ್‌ನಿಂದ ವಾದ್ಯದವರೆಗೆ ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡುವುದನ್ನು ನಾವು ಕೆಲವು ಹಬ್ಬಗಳಿಂದ ಕಲಿತುಕೊಂಡು ಬಂದಿದ್ದೇವೆ. ಮುಂದೆ ಆ ಜಾಗದಲ್ಲಿ ಕೂರುವ ತಮ್ಮ ತಂಗಿಯರಿಗೆ ಉಪಯೋಗವಾಗಲಿ ಎಂದು ಇಲ್ಲಿ ಬರೆದಿಡುತ್ತಿದ್ದೇವೆ. ಇದರಲ್ಲಿ ಒಂದು ವಿಷಯ ಮಾತ್ರ ಹಾಡಿಗಿಂತ ದೊಡ್ಡದು, ಜೀವಕ್ಕೆ ಸಂಬಂಧಪಟ್ಟದ್ದು. ಅದು ಕೊನೆಯ ಭಾಗದಲ್ಲಿದೆ. ದಯವಿಟ್ಟು ಅಲ್ಲಿಯವರೆಗೂ ಓದಿ.

ನಮ್ಮೂರಿನ ಕರೆಂಟು

ಅನ್ನೂರು ಕೊಯಮತ್ತೂರಿನಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿರುವ ಒಣಭೂಮಿಯ ಊರು. ಸುತ್ತಲೂ ತೋಟಗಳು, ತೋಟಕ್ಕೊಂದು ಬೋರು, ಬೋರಿಗೊಂದು ಮೋಟರು. ಹಳ್ಳಿಗಳ ಕಡೆ ಹೋದರೆ ಪವರ್‌ಲೂಮಿನ ಸದ್ದು. 1932ರಲ್ಲಿ ನೀಲಗಿರಿಯ ಪೈಕಾರಾದಲ್ಲಿ ಜಲವಿದ್ಯುತ್ ಕೇಂದ್ರ ಶುರುವಾದ ಮೇಲೆ ಕೊಯಮತ್ತೂರು ಸೀಮೆಯಲ್ಲಿ ಮಿಲ್ಲುಗಳೂ ಪಂಪ್‌ಸೆಟ್ಟುಗಳೂ ಬೆಳೆದವು ಎನ್ನುವುದು ನಮಗೆಲ್ಲ ಗೊತ್ತಿರುವ ಕಥೆ. ನೀರೆತ್ತುವುದಕ್ಕೂ ಬಟ್ಟೆ ನೇಯುವುದಕ್ಕೂ ದೇವಾಲಯದ ದೀಪಕ್ಕೂ ಬೇಕಾದದ್ದು ಅದೇ ಕರೆಂಟು.

ಒಂದು ಮೋಟರು ಓಡುವಾಗ ಎಳೆಯುವ ಕರೆಂಟಿಗಿಂತ ಶುರುವಾಗುವ ಕ್ಷಣದಲ್ಲಿ ಎಳೆಯುವುದು ಹಲವು ಪಟ್ಟು ಹೆಚ್ಚು. ಆ ಕ್ಷಣಕ್ಕೆ ಲೈನಿನ ವೋಲ್ಟೇಜ್ ಕುಸಿಯುತ್ತದೆ. ಬಲ್ಬು ಒಮ್ಮೆ ಕಣ್ಣು ಮಿಟುಕಿಸಿ ಸುಮ್ಮನಾಗುತ್ತದೆ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ. ಕೀಬೋರ್ಡ್ ಒಳಗಿರುವುದು ಒಂದು ಸಣ್ಣ ಕಂಪ್ಯೂಟರ್ ಆದ್ದರಿಂದ ಅದು ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆ ಮೋಟರಿನ ಯಜಮಾನರು ನಮ್ಮ ಪಕ್ಕದ ಬೆಂಚಿನಲ್ಲೇ ಕುಳಿತಿರಬಹುದು.

ನಮಗೆ ಇದು ಹೆಚ್ಚು ತಟ್ಟುವುದು ಪಾಸ್ಕ ಜಾಗರಣೆಯಲ್ಲಿ. ಪವಿತ್ರ ಗುರುವಾರದ ಮಹಿಮಾಗೀತೆ ಮುಗಿದ ಮೇಲೆ ಗಂಟೆ ಮೌನವಾಗುತ್ತದೆ, ವಾದ್ಯಗಳು ಹಿಂದೆ ಸರಿಯುತ್ತವೆ. ಶನಿವಾರ ರಾತ್ರಿ ಮಹಿಮಾಗೀತೆಗೆ ಎಲ್ಲವೂ ಒಟ್ಟಿಗೆ ಮರಳುತ್ತವೆ. ನಮ್ಮಲ್ಲಿ ಆಗಲೇ ಸ್ವಿಚ್‌ಬೋರ್ಡಿನ ಹತ್ತಿರ ನಿಂತಿರುವ ಅಣ್ಣ ಎಲ್ಲ ಸ್ವಿಚ್ಚುಗಳನ್ನೂ ಒಟ್ಟಿಗೆ ಒತ್ತುತ್ತಾರೆ: ಟ್ಯೂಬ್‌ಲೈಟು, ಫ್ಯಾನು, ಪೀಠದ ಫೋಕಸ್ ಲೈಟು, ಸೀರಿಯಲ್ ಸೆಟ್ಟು. ಕೀಬೋರ್ಡಿನವರು ಮೊದಲ ಕಾರ್ಡ್ ಹಿಡಿಯಬೇಕಾದದ್ದೂ ಅದೇ ಕ್ಷಣದಲ್ಲಿ. ಆಗ ಕೀಬೋರ್ಡ್ ಆಫ್ ಆಗಿ ಬಂದರೆ ಹಾಕಿಟ್ಟಿದ್ದ ಟ್ರಾನ್ಸ್‌ಪೋಸ್ ಹೋಗಿರುತ್ತದೆ. ಮೂರು ಮನೆ ಕೆಳಗೆ ಅಭ್ಯಾಸ ಮಾಡಿದ ಹಾಡು ಮೂಲ ಶ್ರುತಿಯಲ್ಲಿ ಶುರುವಾಗುತ್ತದೆ, ಅಕ್ಕಂದಿರು ಎರಡನೇ ಸಾಲಿಗೇ ಉಸಿರು ಕಟ್ಟಿ ನಮ್ಮ ಕಡೆ ನೋಡುತ್ತಾರೆ. ಇದಕ್ಕೆ ಮದ್ದು ಸುಲಭ. ಸ್ವಿಚ್ಚುಗಳನ್ನು ಒಂದೊಂದಾಗಿ, ಎರಡು ಸೆಕೆಂಡು ಬಿಟ್ಟು ಬಿಟ್ಟು ಹಾಕಬೇಕು. ಪೀಠದಿಂದ ಹಿಂದಿನ ಬಾಗಿಲ ಕಡೆಗೆ ಬೆಳಕು ಹರಡುತ್ತಾ ಹೋಗುವುದು ನೋಡಲಿಕ್ಕೂ ಚೆಂದ.

ಚರ್ಚಿನ ಸಂಗೀತ ಕರೆಂಟಿನ ಮೇಲೆ ನಿಂತು ಬಹಳ ಕಾಲವಾಯಿತು. ಅಮೆರಿಕದ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ಆರ್ಗನ್ನನ್ನು, ಪೈಪ್ ಆರ್ಗನ್ ಕೊಳ್ಳುವಷ್ಟು ಹಣವಿಲ್ಲದ ಎಷ್ಟೋ ಚರ್ಚುಗಳು ಕೊಂಡವು. ಅದರೊಳಗೆ ಹಲ್ಲಿನ ಲೋಹದ ಚಕ್ರಗಳು ತಿರುಗಿ ಸ್ವರ ಹುಟ್ಟಿಸುತ್ತಿದ್ದವು, ಆ ಚಕ್ರಗಳನ್ನು ತಿರುಗಿಸುವ ಮೋಟರಿನ ವೇಗ ಕರೆಂಟಿನ ಆವರ್ತನಕ್ಕೆ ಕಟ್ಟುಬಿದ್ದಿತ್ತು. ಅಲ್ಲಿ ಸೆಕೆಂಡಿಗೆ 60 ಆವರ್ತ, ನಮ್ಮಲ್ಲಿ 50. ಅಲ್ಲಿಯ ಆರ್ಗನ್ನನ್ನು ಹಾಗೇ ತಂದು ಇಲ್ಲಿಯ ಪ್ಲಗ್ಗಿಗೆ ಹಾಕಿದರೆ ಶ್ರುತಿ ಮೂರು ಮನೆಗಿಂತ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ಈಗಿನ ಕೀಬೋರ್ಡ್‌ಗೆ ಈ ಕಷ್ಟವಿಲ್ಲ, ಅದರ ಶ್ರುತಿಯನ್ನು ಒಳಗಿನ ಒಂದು ಸಣ್ಣ ಸ್ಫಟಿಕ ಕಾಯುತ್ತದೆ. ಹಾಗಾಗಿ ವೋಲ್ಟೇಜ್ ಕಡಿಮೆಯಾದಾಗ ಅದು ಅಪಸ್ವರ ನುಡಿದು ಎಚ್ಚರಿಸುವುದಿಲ್ಲ. ಸರಿಯಾಗಿ ನುಡಿಯುತ್ತಲೇ ಇದ್ದು ಒಮ್ಮೆಲೇ ನಿಲ್ಲುತ್ತದೆ.

ಗೋಡೆಯಿಂದ ವಾದ್ಯದವರೆಗೆ

ಮೊದಲ ಹೆಜ್ಜೆ ಸೆಲ್ಲು. ಹಲವು ಕೀಬೋರ್ಡ್‌ಗಳ ಕೆಳಗೆ ಆರು ಸೆಲ್ಲು ಹಾಕುವ ಜಾಗ ಇರುತ್ತದೆ. ಹೊಸ ಸೆಲ್ಲು ಹಾಕಿ, ಅಡಾಪ್ಟರ್ ಕಿತ್ತು, ಹತ್ತು ನಿಮಿಷ ನುಡಿಸಿ ನೋಡಿ. ಸರಿಯಾಗಿ ನುಡಿದರೆ ವಾದ್ಯ ಚೆನ್ನಾಗಿದೆ, ತೊಂದರೆ ಹೊರಗಿದೆ. ಸೆಲ್ಲಿನಲ್ಲೂ ನಿಂತರೆ ಮಾತ್ರ ಬಸ್ಸು ಹತ್ತಿ. ಈ ಒಂದು ಪರೀಕ್ಷೆ ಹುಡುಕಬೇಕಾದ ಜಾಗವನ್ನು ಅರ್ಧಕ್ಕೆ ಇಳಿಸುತ್ತದೆ.

ಎರಡನೆಯದು ಗೋಡೆಯ ಸಾಕೆಟ್. ಇಲ್ಲಿ 230 ವೋಲ್ಟಿನ ಆಸುಪಾಸು ಬರಬೇಕು. ಮಲ್ಟಿಮೀಟರ್ ಬಳಸಿ ಗೊತ್ತಿರುವ ಹಿರಿಯರ ಕೈಯಲ್ಲಿ ಅಳೆಸಿ. ಅಳೆಯುವ ಹೊತ್ತು ಮುಖ್ಯ. ಮಧ್ಯಾಹ್ನ ದೇವಾಲಯ ಖಾಲಿ ಇದ್ದಾಗ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತೊಂದರೆ ಬರುವ ಸಂಜೆಯ ಹೊತ್ತಿನಲ್ಲಿ, ಲೈಟು ಫ್ಯಾನು ಎಲ್ಲವನ್ನೂ ಹಾಕಿ ಅಳೆಯಬೇಕು.

ಮೂರನೆಯದು ಎಕ್ಸ್‌ಟೆನ್ಷನ್ ಬಾಕ್ಸು. ಬಿ.ಎಸ್ಸಿ.ಯಲ್ಲಿ ಓಂ ನಿಯಮವನ್ನು ಪರೀಕ್ಷೆಗೆ ಓದಿದ್ದೆವು, ಅದು ನಿಜವಾಗಿ ಅರ್ಥವಾದದ್ದು ಇಲ್ಲಿ. 1 ಚದರ ಮಿಲಿಮೀಟರ್ ತಾಮ್ರದ ವೈರನ್ನು 30 ಮೀಟರ್ ಎಳೆದರೆ, ಹೋಗಿ ಬರುವ ದಾರಿ ಸೇರಿ ಸುಮಾರು 1 ಓಂ ತಡೆ ಇರುತ್ತದೆ. ಅದೇ ವೈರಿಗೆ ಹ್ಯಾಲೊಜೆನ್ ಲೈಟೂ ದೊಡ್ಡ ಫ್ಯಾನೂ ಸೇರಿ 10 ಆಂಪಿಯರ್ ಹರಿದರೆ, ದಾರಿಯಲ್ಲೇ 10 ವೋಲ್ಟ್ ಕಳೆದುಹೋಗುತ್ತದೆ. 100 ವ್ಯಾಟ್ ಬರೀ ವೈರನ್ನು ಬಿಸಿ ಮಾಡುವುದಕ್ಕೆ ಹೋಗುತ್ತದೆ. ವೈರು ಚಕ್ರದಲ್ಲಿ ಸುತ್ತಿದ ಹಾಗೇ ಇದ್ದರೆ ಆ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲ, ಹೊದಿಕೆ ಕರಗುತ್ತದೆ. ಆದ್ದರಿಂದ ವೈರನ್ನು ಪೂರ್ತಿ ಬಿಚ್ಚಿ. ವಾದ್ಯಗಳಿಗೆ ಬೇರೆ ಬಾಕ್ಸು, ಲೈಟು ಫ್ಯಾನಿಗೆ ಬೇರೆ ಬಾಕ್ಸು ಇಡಿ. ಪ್ಲಗ್ಗು ಸಡಿಲವಾಗಿ ಆಡುತ್ತಿದ್ದರೆ, ಸಾಕೆಟ್ಟು ಕಪ್ಪಾಗಿದ್ದರೆ ಆ ಬಾಕ್ಸನ್ನು ಬದಲಿಸಿ. ಟೇಪು ಸುತ್ತಿ ಇನ್ನೊಂದು ಹಬ್ಬ ತಳ್ಳುವುದು ಬೇಡ.

ನಾಲ್ಕನೆಯದು ಅಡಾಪ್ಟರ್. ಗಾನವೃಂದದ ಡಬ್ಬದಲ್ಲಿ ಐದಾರು ಅಡಾಪ್ಟರ್‌ಗಳು ಒಟ್ಟಿಗೆ ಬಿದ್ದಿರುತ್ತವೆ. ಎಲ್ಲವೂ ಕಪ್ಪು, ಪಿನ್ನು ಒಂದೇ ಥರ ಕಾಣುತ್ತದೆ. ಅಪಾಯ ಇರುವುದೇ ಅಲ್ಲಿ. ಯಮಹಾದ ಪಿಎಸ್‌ಆರ್ ಕೀಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, ನಡುವಿನ ಪಿನ್ನು ಪ್ಲಸ್. ಕ್ಯಾಸಿಯೊದ ಹಳೆಯ ಹಲವು ಕೀಬೋರ್ಡ್‌ಗಳಲ್ಲಿ 9 ವೋಲ್ಟ್, ನಡುವಿನ ಪಿನ್ನು ಮೈನಸ್. ಗಿಟಾರಿನ ಬಾಸ್ ಪೆಡಲ್‌ಗಳಿಗೂ 9 ವೋಲ್ಟ್, ನಡುವೆ ಮೈನಸ್. ಅಡಾಪ್ಟರ್ ಮೇಲೂ ವಾದ್ಯದ ಹಿಂಭಾಗದಲ್ಲೂ ಒಂದು ಚುಕ್ಕೆ, ಅದರ ಸುತ್ತ ಅರ್ಧ ವೃತ್ತ, ಎರಡು ಬದಿಗೆ ಪ್ಲಸ್ ಮೈನಸ್ ಇರುವ ಗುರುತು ಅಚ್ಚಾಗಿರುತ್ತದೆ. ಎರಡನ್ನೂ ಜೊತೆಗಿಟ್ಟು ನೋಡಿ. ವೋಲ್ಟೇಜ್ ಒಂದೇ ಇರಬೇಕು, ಪ್ಲಸ್ ಮೈನಸ್ ಒಂದೇ ಇರಬೇಕು, ಆಂಪಿಯರ್ ಮಾತ್ರ ಬೇಕಾದಷ್ಟು ಅಥವಾ ಅದಕ್ಕಿಂತ ಹೆಚ್ಚು ಇರಬಹುದು. ನಾವು ಪ್ರತಿ ಅಡಾಪ್ಟರ್‌ಗೂ ಬಿಳಿ ಟೇಪು ಅಂಟಿಸಿ ಅದರ ವಾದ್ಯದ ಹೆಸರು ಬರೆದಿದ್ದೇವೆ. ಹತ್ತು ನಿಮಿಷದ ಕೆಲಸ.

ಅಡಾಪ್ಟರ್ ತೂಕವನ್ನೂ ನೋಡಿ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಭಾರದ ಅಡಾಪ್ಟರ್‌ಗಳು ಗೋಡೆಯಲ್ಲಿ ವೋಲ್ಟೇಜ್ ಇಳಿದರೆ ತಾವೂ ಇಳಿಯುತ್ತವೆ. 230 ಇದ್ದಾಗ 9 ವೋಲ್ಟ್ ಕೊಡುವಂಥದ್ದು 180 ಇದ್ದಾಗ 7ರ ಹತ್ತಿರ ಬರುತ್ತದೆ. ಮೇಲೆ 100–240 ಎಂದು ಅಚ್ಚಾಗಿರುವ ಹಗುರ ಅಡಾಪ್ಟರ್‌ಗಳು ಅಷ್ಟು ಏರಿಳಿತವನ್ನು ತಾವೇ ಸಹಿಸಿಕೊಂಡು ಒಂದೇ ಸಮ ಕೊಡುತ್ತವೆ. ನಮ್ಮಂಥ ಊರಿಗೆ ಈ ಎರಡನೆಯದೇ ಸರಿ. ಕೊಳ್ಳುವಾಗ ಆ ಸಾಲನ್ನು ಓದಿ ಕೊಳ್ಳಿ.

ಐದನೆಯದು ವಾದ್ಯದ ಹಿಂದೆ ಪಿನ್ನು ಕೂರುವ ತೂತು. ಪಿನ್ನನ್ನು ಮೆಲ್ಲಗೆ ಅಲ್ಲಾಡಿಸಿದಾಗ ಕೀಬೋರ್ಡ್ ಆಫ್ ಆಗಿ ಆನ್ ಆದರೆ ಒಳಗೆ ಬೆಸುಗೆ ಬಿಟ್ಟಿದೆ ಎಂದರ್ಥ. ಯಾರೋ ವೈರಿಗೆ ಕಾಲು ಸಿಕ್ಕಿಸಿಕೊಂಡಿರುತ್ತಾರೆ, ಅಷ್ಟೇ. ಗೊತ್ತಿರುವವರ ಕೈಯಲ್ಲಿ ಅರ್ಧ ಗಂಟೆಯ ಕೆಲಸ. ವೈರನ್ನು ಸ್ಟ್ಯಾಂಡಿನ ಕಾಲಿಗೆ ಒಂದು ಸುತ್ತು ಕಟ್ಟಿಟ್ಟರೆ ಮತ್ತೆ ಹಾಗಾಗುವುದು ಕಡಿಮೆ.

ಹಬ್ಬದ ದಿನ ಜನರೇಟರ್ ಇದ್ದರೆ, ಇ.ಬಿ. ಕರೆಂಟಿನಿಂದ ಅದಕ್ಕೆ ಬದಲಿಸುವ ಮೊದಲು ಕೀಬೋರ್ಡ್, ಮಿಕ್ಸರ್, ಆಂಪ್ಲಿಫೈಯರ್ ಆಫ್ ಮಾಡಿ. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು, ಆನ್ ಮಾಡುವಾಗ ಅದು ಕೊನೆಗೆ. ಇನ್ನೊಂದು ಎಚ್ಚರಿಕೆ: ಕೆಲವು ಲೈಟುಗಳು ಇದ್ದಕ್ಕಿದ್ದಂತೆ ತೀರಾ ಪ್ರಕಾಶವಾಗಿ, ಇನ್ನು ಕೆಲವು ಮಂಕಾದರೆ ಒಂದು ಕ್ಷಣವೂ ಕಾಯದೆ ಮೈನ್ ಸ್ವಿಚ್ ಇಳಿಸಿ. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಸಡಿಲವಾದಾಗ ಹೀಗಾಗುತ್ತದೆ. 230 ಇರಬೇಕಾದ ಕಡೆ 300 ದಾಟಿ 400ರ ಕಡೆಗೂ ಹೋಗಬಹುದು. ಅದನ್ನು ಯಾವ ಅಡಾಪ್ಟರೂ ತಡೆಯುವುದಿಲ್ಲ.

ಗುಂಯ್ ಎನ್ನುವ ಸದ್ದು

ವಾದ್ಯ ನಿಲ್ಲುವುದು ಒಂದು ತೊಂದರೆಯಾದರೆ ಸ್ಪೀಕರಿನಲ್ಲಿ ಗುಂಯ್ ಎನ್ನುವುದು ಇನ್ನೊಂದು. ಇದು ನಮ್ಮ ಕರೆಂಟಿನದೇ 50 ಆವರ್ತದ ದನಿ, ಅದರ ಜೊತೆಗೆ 100ರದು. ಕೀಬೋರ್ಡಿನಲ್ಲಿ ಹುಡುಕಿದರೆ ಕೆಳಗಿನ ಜಿ ಸ್ವರಕ್ಕಿಂತ ಕೂದಲೆಳೆ ಮೇಲಿದೆ. ಪ್ರಬೋಧನೆಯ ಮೌನದಲ್ಲಿ ಅದು ಎಲ್ಲರಿಗೂ ಕೇಳುತ್ತದೆ, ಗುರುಗಳು ಒಮ್ಮೆ ನಮ್ಮ ಕಡೆ ನೋಡುತ್ತಾರೆ.

ಹೆಚ್ಚಾಗಿ ಕಾರಣ ಇದು: ಮಿಕ್ಸರ್ ಪೀಠದ ಪಕ್ಕದ ಸಾಕೆಟ್ಟಿನಲ್ಲಿ, ಗಿಟಾರ್ ಆಂಪ್ಲಿಫೈಯರ್ ಕಿಟಕಿ ಪಕ್ಕದ ಸಾಕೆಟ್ಟಿನಲ್ಲಿ ಇರುತ್ತವೆ. ಎರಡಕ್ಕೂ ಅರ್ಥ್ ಇದೆ, ನಡುವೆ ಹಾಡಿನ ಕೇಬಲ್ಲೂ ಇದೆ. ಎಲ್ಲ ಸೇರಿ ಒಂದು ದೊಡ್ಡ ಬಳೆಯಾಗುತ್ತದೆ, ಅದರಲ್ಲಿ ಬೇಡದ ಸಣ್ಣ ಕರೆಂಟು ಸುತ್ತುತ್ತದೆ. ಎಲ್ಲ ವಾದ್ಯಗಳನ್ನೂ ಒಂದೇ ಬೋರ್ಡಿನಿಂದ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಸದ್ದು ಅಲ್ಲೇ ಹೋಗುತ್ತದೆ. ಕರೆಂಟಿನ ವೈರನ್ನೂ ಮೈಕಿನ ವೈರನ್ನೂ ಒಟ್ಟಿಗೆ ಕಟ್ಟಬೇಡಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಆಮೇಲೂ ಉಳಿದರೆ ಡಿ.ಐ. ಬಾಕ್ಸು ಎಂಬ ಸಣ್ಣ ಪೆಟ್ಟಿಗೆ ಸಿಗುತ್ತದೆ. ಅದರಲ್ಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ಚು ಹಾಡಿನ ಕೇಬಲ್ಲಿನ ಹೊರ ಜಾಲರಿಯನ್ನು ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥನ್ನು ಮುಟ್ಟುವುದಿಲ್ಲ.

ಮೂರನೆಯ ಪಿನ್ನು

ಈಗ ಹೇಳಲೇಬೇಕಾದ ಮಾತು. ಒಂದು ಹಬ್ಬಕ್ಕೆ ನುಡಿಸಲು ಬಂದವರೊಬ್ಬರು ಗುಂಯ್ ಸದ್ದು ಕೇಳಿ ನಕ್ಕು, "ತಮ್ಮಾ, ಆಂಪ್ಲಿಫೈಯರ್ ಪ್ಲಗ್ಗಿನ ಮೇಲಿನ ಪಿನ್ನು ತೆಗೆದುಬಿಡಿ, ಸದ್ದು ಹೋಗುತ್ತೆ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಸದ್ದು ಹೋಗುತ್ತದೆ. ನಾವು ತೆಗೆಯಲಿಲ್ಲ. ಆ ರಾತ್ರಿ ಸಣ್ಣ ಸದ್ದಿನ ಜೊತೆಯೇ ಹಾಡಿದೆವು, ಅದಕ್ಕೆ ಕೆಲವರು ಗೊಣಗಿದರು ಕೂಡ. ಯಾಕೆ ತೆಗೆಯಲಿಲ್ಲ ಎಂದು ಇಲ್ಲಿ ಹೇಳುತ್ತೇವೆ.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನದು ಬೇರೆ ಎರಡಕ್ಕಿಂತ ಉದ್ದ, ದಪ್ಪ. ಸಾಕೆಟ್ಟಿಗೆ ಹಾಕುವಾಗ ಮೊದಲು ತಾಗಲಿ, ತೆಗೆಯುವಾಗ ಕೊನೆಗೆ ಬಿಡಲಿ ಎಂದೇ ಹಾಗೆ ಮಾಡಿದ್ದಾರೆ. ಅದು ಆಂಪ್ಲಿಫೈಯರಿನ ಲೋಹದ ಮೈಯನ್ನು ನೆಲಕ್ಕೆ ಸೇರಿಸುತ್ತದೆ. ಒಳಗೆ ಫೇಸ್ ವೈರು ಬಿಚ್ಚಿ ಆ ಮೈಗೆ ತಾಗಿದರೆ ಕರೆಂಟು ನೆಲಕ್ಕೆ ಹರಿದು ಫ್ಯೂಸು ಹೋಗಬೇಕು. ಆ ಪಿನ್ನು ಇಲ್ಲದಿದ್ದರೆ ಏನೂ ಆಗಿಲ್ಲದಂತೆ ಹಾಡು ಮುಂದುವರಿಯುತ್ತದೆ. ಲೋಹದ ಮೈ, ಕೇಬಲ್ಲು, ಗಿಟಾರಿನ ತಂತಿ ಎಲ್ಲದರಲ್ಲೂ 230 ವೋಲ್ಟ್ ಕಾದಿರುತ್ತದೆ. ತಂತಿಯ ಮೇಲೆ ಕೈಯಿಟ್ಟ ಹುಡುಗ ಮೈಕಿಗೆ ತುಟಿ ತಾಗಿಸಿದಾಗ ಅದು ಅವನ ಎದೆಯ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಒಂದು ಆಂಪಿಯರ್‌ನ ಹತ್ತರಲ್ಲಿ ಒಂದು ಭಾಗ ಹೃದಯದ ಬಡಿತ ಕೆಡಿಸಲು ಸಾಕು. 6 ಆಂಪಿಯರ್‌ನ ಎಂ.ಸಿ.ಬಿ.ಗೆ ಅಷ್ಟು ಸಣ್ಣ ಕರೆಂಟು ಲೆಕ್ಕಕ್ಕೇ ಬರುವುದಿಲ್ಲ.

ಇದು ಬರೀ ಹೆದರಿಸುವ ಮಾತಲ್ಲ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್‌ಸಿ ನಗರದಲ್ಲಿ ಸ್ಟೋನ್ ದ ಕ್ರೋಸ್ ಎಂಬ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯಲ್ಲೇ, ಸರಿಯಾಗಿ ಅರ್ಥ್ ಇಲ್ಲದ ಮೈಕನ್ನು ಮುಟ್ಟಿ ತೀರಿಕೊಂಡರು. 2005ರ ಅಕ್ಟೋಬರ್ 30, ಭಾನುವಾರ, ಅಮೆರಿಕದ ವೇಕೋ ನಗರದ ಯೂನಿವರ್ಸಿಟಿ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ದೀಕ್ಷಾಸ್ನಾನ ಕೊಡುತ್ತಿದ್ದ ಪಾಸ್ಟರ್ ಕೈಲ್ ಲೇಕ್ ತೊಟ್ಟಿಯ ನೀರಿನಲ್ಲಿ ನಿಂತು ಮೈಕಿನ ಕಡೆ ಕೈ ಚಾಚಿದರು. ಸಭೆಯ ಕಣ್ಣೆದುರೇ ಕರೆಂಟು ಹೊಡೆದು ಪ್ರಾಣ ಹೋಯಿತು. ಅವರಿಗೆ 33 ವರ್ಷ. ಪಾಸ್ಕ ಜಾಗರಣೆಯಲ್ಲಿ ನಮ್ಮಲ್ಲೂ ನೀರು ಇರುತ್ತದೆ, ಮೈಕು ಇರುತ್ತದೆ, ಬರಿಗಾಲಿನ ಮಕ್ಕಳು ಇರುತ್ತಾರೆ.

ಆದ್ದರಿಂದ ನಮ್ಮ ಗಾನವೃಂದದ ನಿಯಮ ಒಂದೇ ಸಾಲು: ಯಾವ ಸದ್ದಿಗಾಗಿಯೂ ಅರ್ಥ್ ಪಿನ್ನು ತೆಗೆಯುವುದಿಲ್ಲ, ಮೂರು ಪಿನ್ನನ್ನು ಎರಡು ಪಿನ್ನಿಗೆ ಇಳಿಸುವ ಪ್ಲಗ್ಗು ಬಳಸುವುದಿಲ್ಲ. ಹಾಡುವವರಿಗೆ ತುಟಿಯಲ್ಲೋ ಬೆರಳಲ್ಲೋ ಜುಮ್ ಎಂದರೆ ಹಾಡನ್ನು ಅಲ್ಲೇ ನಿಲ್ಲಿಸಿ ಹೇಳಬೇಕು. ಗುರುಗಳು ಬೈಯುವುದಿಲ್ಲ.

ಪಿನ್ನು ಇದ್ದರೆ ಮಾತ್ರ ಸಾಲದು, ಅದು ಸೇರುವ ಗುಂಡಿಯೂ ಜೀವಂತ ಇರಬೇಕು. ಪೈಪು ಹೂತು ಇದ್ದಿಲು ಉಪ್ಪು ತುಂಬಿದ ಅರ್ಥ್ ಗುಂಡಿಗೆ ತೇವ ಬೇಕು. ಪಾಸ್ಕ ಹಬ್ಬ ಬರುವುದು ಮಾರ್ಚ್ ಏಪ್ರಿಲಿನಲ್ಲಿ, ನಮ್ಮ ನೆಲ ಒಣಗಿ ಬಿರುಕು ಬಿಡುವ ಕಾಲದಲ್ಲಿ. ಗುಂಡಿ ಒಣಗಿ ತಡೆ 50 ಓಂಗೆ ಏರಿದರೆ 230ನ್ನು 50ರಿಂದ ಭಾಗಿಸಿ ನೋಡಿ: ಹರಿಯುವುದು 4.6 ಆಂಪಿಯರ್ ಮಾತ್ರ. 6 ಆಂಪಿಯರ್‌ನ ಎಂ.ಸಿ.ಬಿ. ಬೀಳುವುದಿಲ್ಲ. ಅದಕ್ಕೇ ಲೈಸೆನ್ಸ್ ಇರುವ ಇಲೆಕ್ಟ್ರೀಷಿಯನ್‌ರಿಂದ ಗುಂಡಿಯನ್ನು ಅಳೆಸಬೇಕು, ಜೊತೆಗೆ 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಹಾಕಿಸಬೇಕು. ಹೋದ ಕರೆಂಟು ಪೂರ್ತಿ ತಿರುಗಿ ಬರದಿದ್ದರೆ ಅದು ಕೂಡಲೇ ಬೀಳುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು.

ಇದಕ್ಕೆ ಹಣ ಹೊಂದಿಸುವುದು ಸುಲಭವಲ್ಲ ಎಂದು ನಮಗೆ ಗೊತ್ತು. ಹಬ್ಬದ ಸೀರಿಯಲ್ ಲೈಟಿಗೆ ಕೊಡುವವರು ಸಿಗುತ್ತಾರೆ. ಮಣ್ಣಿನೊಳಗೆ ಹೂಳುವ ಪೈಪು ಯಾರ ಕಣ್ಣಿಗೂ ಬೀಳುವುದಿಲ್ಲ, ಅದರ ಮೇಲೆ ದಾನಿಗಳ ಹೆಸರು ಬರೆಸಲೂ ಜಾಗವಿಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿ ದೇಹದ ಅಂಗಗಳ ಬಗ್ಗೆ ಹೇಳುವುದನ್ನು ಈ ವಾರ ಮನೆಯಲ್ಲಿ ಒಮ್ಮೆ ಓದಿ. ದುರ್ಬಲ ಎಂದು ಕಾಣುವ ಅಂಗ ಎಷ್ಟು ಅಗತ್ಯ ಎಂದು ಅವರು ವಿವರಿಸುತ್ತಾರೆ. ವರ್ಷವಿಡೀ ಯಾವ ಕೆಲಸವೂ ಇಲ್ಲದೆ ಸುಮ್ಮನಿರುವ ಹಸಿರು ವೈರಿನ ನೆನಪು ನಮಗೆ ಅಲ್ಲಿ ಬಂತು.

ಮನೆಯವರಿಗೂ ಒಂದು ಮಾತು. ಗ್ರೈಂಡರ್ ಇಲ್ಲದ ಅಡುಗೆಮನೆ ನಮ್ಮ ಕಡೆ ಇಲ್ಲ. ಒದ್ದೆ ಕೈಯಲ್ಲಿ ಮುಟ್ಟುವ ಗ್ರೈಂಡರು, ಗೀಸರು, ಇಸ್ತ್ರಿಪೆಟ್ಟಿಗೆ ಇವುಗಳ ಪ್ಲಗ್ಗಿನಲ್ಲಿ ಮೂರನೆಯ ಪಿನ್ನು ಇದೆಯೇ ಎಂದು ಇವತ್ತೇ ನೋಡಿ.

ತಪಸ್ಸುಕಾಲದಲ್ಲಿ ಪ್ರತಿ ಶನಿವಾರ ಹಾಡಿನ ಅಭ್ಯಾಸಕ್ಕೆ ಮೊದಲು ಇಬ್ಬರು ಸೇರಿ ದೇವಾಲಯದ ಹಿಂದಿನ ಅರ್ಥ್ ಗುಂಡಿಗೆ ಎರಡು ಕೊಡ ನೀರು ಹಾಕುವ ಪಟ್ಟಿ ಮಾಡಿದ್ದೇವೆ. ಹಾಡಲು ಬಾರದು ಎಂದು ಹಿಂಜರಿಯುವ ತಮ್ಮ ತಂಗಿಯರೇ, ಈ ಸೇವೆಗೆ ಕಂಠ ಬೇಡ. ನಿಮ್ಮ ಹೆಸರು ಕೊಡಿ.

ಕ್ರಿಸ್ತರಲ್ಲಿ,
ನಿಮ್ಮ ಯುವಕ ಯುವತಿಯರು